ಚರಂಡಿ ನೀರಿಗೆ ಡಿಪಿಆರ್ ಮಾಡಿಸಿದ್ದು: ಐದಕ್ಕೆ ಮೂರೂವರೆ ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ನಮ್ಮೂರಿನ ಚರಂಡಿ ನೀರು ಶುದ್ಧ ಮಾಡುವ ಯೋಜನೆಗೆ ಡಿಪಿಆರ್ (ಸವಿವರ ಯೋಜನಾ ವರದಿ) ಮಾಡಿಕೊಟ್ಟ ಕಂಪನಿಯ ಹೆಸರು ಬರೆಯಲ್ಲ. ಅವರ ಕೊನೆಯ ಬಿಲ್ಲು ನಮ್ಮ ಪಟ್ಟಣ ಪಂಚಾಯಿತಿಯಲ್ಲಿ ಇನ್ನೂ ಬಾಕಿ ಇದೆ. ಈ ಹೊತ್ತಲ್ಲಿ ಜಗಳ ಬೇಡ. ಶಿವಮೊಗ್ಗದಲ್ಲಿ ಆಫೀಸು, ಕೆಳಗೆ ಹೋಟೆಲ್ಲು, ಮೇಲೆ ಇವರು. ಮೆಟ್ಟಿಲು ಹತ್ತುವಾಗಲೇ ಸಾಂಬಾರಿನ ಪರಿಮಳ. ಇಷ್ಟು ಸಾಕು. ಊರಿನ ಹೆಸರೂ ಬರೆಯಲ್ಲ. ಮಲೆನಾಡಿನ ಊರು, ಸುಮಾರು 18 ಸಾವಿರ ಜನ, ಒಂದು ಬಸ್ ಸ್ಟ್ಯಾಂಡು, ಒಂದು ಹೊಳೆ. ಆ ಹೊಳೆ ತುಂಗೆಯೋ ಶರಾವತಿಯೋ ವರದೆಯೋ ಅಂತ ಕೇಳಬೇಡಿ.

ನಾನು ಬಸ್ ಸ್ಟ್ಯಾಂಡ್ ಎದುರು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡವಳು. ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು, ನಿಂತೆ, ಗೆದ್ದೆ. ಮೊದಲ ವರ್ಷ ಪೂರ್ತಿ ಸಭೆಗೆ ಹೋದಾಗಲೆಲ್ಲ "ಯಜಮಾನರು ಬರಲಿಲ್ವಾ?" ಅಂತಲೇ ಕೇಳುತ್ತಿದ್ದರು. ಈಗ ಕೇಳಲ್ಲ. ಯಾಕೆ ಕೇಳಲ್ಲ ಅನ್ನೋದೇ ಒಂದು ರೀತಿಯಲ್ಲಿ ಈ ಬರಹ.

ನಮ್ಮೂರಲ್ಲಿ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಇಲ್ಲ. ಮೂರು ದೊಡ್ಡ ಚರಂಡಿ ಸೇರಿ ಒಂದು ಹಳ್ಳ, ಹಳ್ಳ ಹೋಗಿ ಹೊಳೆಗೆ. ಹಳ್ಳ ಸೇರುವ ಜಾಗದಿಂದ ಸ್ವಲ್ಪ ಕೆಳಗೆ ಸ್ನಾನಘಟ್ಟ. ಸಂಕ್ರಾಂತಿಗೆ, ಎಳ್ಳಮಾವಾಸ್ಯೆಗೆ ಜನ ಅಲ್ಲೇ ಮುಳುಗು ಹಾಕುತ್ತಾರೆ. ಇದಕ್ಕೊಂದು ಶುದ್ಧೀಕರಣ ಘಟಕ ಮಾಡಿ, ಆ ನೀರನ್ನು ಮತ್ತೆ ಬಳಸುವ ಹಾಗೆ ಮಾಡಬೇಕು, ಸರ್ಕಾರದಿಂದ ದುಡ್ಡು ತರಬೇಕು ಅಂತ ಕೌನ್ಸಿಲ್‌ನಲ್ಲಿ ನಡಾವಳಿ ಆಯಿತು. ದುಡ್ಡು ಕೇಳೋಕೆ ಡಿಪಿಆರ್ ಬೇಕು. ಡಿಪಿಆರ್ ಮಾಡೋಕೆ ಕನ್ಸಲ್ಟೆಂಟ್ ಬೇಕು. ಟೆಂಡರ್ ಕರೆದರು, ಇವರು ಬಂದರು.

ಒಳ್ಳೆಯದನ್ನು ಮೊದಲು ಹೇಳಬೇಕು. ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು, "ಅಮೃತ್‌ನಲ್ಲಿ ಹಾಕಿ, ಬರುತ್ತೆ." ಅಮೃತ್ ಅಂದರೆ ನಗರಗಳ ನೀರು, ಒಳಚರಂಡಿಗೆ ಕೇಂದ್ರ ದುಡ್ಡು ಕೊಡುವ ಯೋಜನೆ. ಇವರ ಸೀನಿಯರ್ ಎಂಜಿನಿಯರ್ ಮೊದಲ ದಿನವೇ ಆ ಮಾತಿಗೆ ಬೀಗ ಹಾಕಿದರು. ಅಮೃತ್ 2.0 ಶುರುವಾಗಿದ್ದು 2021ರ ಅಕ್ಟೋಬರ್ 1ಕ್ಕೆ. ಕುಡಿಯುವ ನೀರಿಗೆ ಅದರಲ್ಲಿ ಎಲ್ಲ ಊರಿಗೂ ಜಾಗ ಇದೆ. ಆದರೆ ಒಳಚರಂಡಿಗೆ, ಕೊಳಚೆ ನೀರಿಗೆ ಅಂದರೆ ಹಳೇ ಅಮೃತ್‌ನ 500 ನಗರಗಳಿಗೆ ಮಾತ್ರ. ಶಿವಮೊಗ್ಗ ಇದೆ, ಭದ್ರಾವತಿ ಇದೆ. ನಮ್ಮಂಥ ಸಣ್ಣ ಊರು ಇಲ್ಲ. ನಮಗೆ ಇರೋದು ಅದೇ ದಿನ ಶುರುವಾದ ಸ್ವಚ್ಛ ಭಾರತ್ ನಗರ 2.0. ಅದರಲ್ಲಿ 1 ಲಕ್ಷದೊಳಗಿನ ಊರುಗಳಿಗೆ ಅಂತಲೇ ಬಳಸಿದ ನೀರಿನ ನಿರ್ವಹಣೆ ಅನ್ನೋ ವಿಭಾಗ ಇದೆ. ಕೇಂದ್ರದ ಪಾಲು ಅರ್ಧ. ಇದೇ ಮಿಷನ್‌ನಲ್ಲಿ 1ರಿಂದ 10 ಲಕ್ಷದ ನಗರವಾದರೆ ಮೂರರಲ್ಲಿ ಒಂದು ಪಾಲು, 10 ಲಕ್ಷ ದಾಟಿದರೆ ಕಾಲು ಪಾಲು. ಸಣ್ಣ ಊರಾಗಿ ಹುಟ್ಟಿದ್ದಕ್ಕೆ ಒಂದು ಲಾಭವಾದರೂ ಸಿಕ್ಕಿತಲ್ಲ ಅಂದುಕೊಂಡೆ.

ಈ ಒಂದು ಮಾತು ಗೊತ್ತಿಲ್ಲದೆ ಎಷ್ಟು ಊರಿನವರು ತಪ್ಪು ಬಾಗಿಲಲ್ಲಿ ಫೈಲ್ ಹಿಡಿದು ಕೂತಿದ್ದಾರೋ. ಇದಕ್ಕೆ ಒಂದು ಸ್ಟಾರ್ ಪೂರ್ತಿ.

ಅದೇ ದಿನ ಅವರು ಇನ್ನೊಂದು ಕಹಿಯನ್ನೂ ಹೇಳಿದರು. ಈ ವಿಭಾಗದಲ್ಲಿ ಶುದ್ಧೀಕರಣ ಘಟಕಕ್ಕೆ ದುಡ್ಡು ಉಂಟು. ಚರಂಡಿಯ ನೀರನ್ನು ಹೊಳೆಗೆ ಬೀಳುವ ಮುಂಚೆ ತಡೆದು ತಿರುಗಿಸೋಕೆ, ಪಂಪ್ ಮಾಡಿ ಘಟಕಕ್ಕೆ ತರೋಕೆ ಉಂಟು. ಕಕ್ಕಸಿನ ಪಿಟ್ ಖಾಲಿ ಮಾಡುವ ಗಾಡಿಗೂ ಉಂಟು. ಮನೆಮನೆಗೆ ಯುಜಿಡಿ ಲೈನ್ ಎಳೆಯೋಕೆ ಇಲ್ಲ. ಸಭೆಯಲ್ಲಿ ಅರ್ಧ ಜನರ ಮುಖ ಬಾಡಿತು. ವೋಟು ಕೇಳುವಾಗ ಹೇಳಿದ್ದೇ ಯುಜಿಡಿ ಅಲ್ವಾ. "ಹಂಗಾದ್ರೆ ಇದು ಎಂತಕ್ಕೆ ಮಾರಾಯ್ರೇ?" ಅಂತ ಹಿರಿಯ ಸದಸ್ಯರೊಬ್ಬರು ಎದ್ದೇ ಬಿಟ್ಟರು. ಮುಖ್ಯಾಧಿಕಾರಿಗಳು ಕಾಫಿ ತರಿಸಿದರು.

ಈಗ ಬೇಜಾರಿನ ವಿಷಯಕ್ಕೆ ಬರುತ್ತೇನೆ. ಮೊದಲ ಡ್ರಾಫ್ಟ್ 212 ಪುಟ. ಆರು ಪ್ರತಿ ಬೇಕು ಅಂತ ನನ್ನ ಅಂಗಡಿಗೇ ಬಂತು. ಜೆರಾಕ್ಸ್ ಹಾಕುವವರಿಗೆ ಒಂದು ಅಭ್ಯಾಸ ಇರುತ್ತೆ. ಓದಲ್ಲ, ಆದರೆ ಕಣ್ಣು ಓಡುತ್ತಲೇ ಇರುತ್ತೆ. 47ನೇ ಪುಟ ಗಾಜಿನ ಮೇಲೆ ಇಟ್ಟಾಗ ಕಣ್ಣು ನಿಂತಿತು. "ಪಟ್ಟಣವು ಬರಪೀಡಿತ ಪ್ರದೇಶದಲ್ಲಿದ್ದು, ವಾರ್ಷಿಕ ಮಳೆ ತೀರಾ ಕಡಿಮೆ" ಅನ್ನೋ ಅರ್ಥದ ಇಂಗ್ಲಿಷ್ ಸಾಲು. ಹೊರಗೆ ನೋಡಿದೆ. ಜುಲೈ ತಿಂಗಳು. ರಸ್ತೆ ಕಾಣುತ್ತಿರಲಿಲ್ಲ, ಹಾಗೆ ಹೊಯ್ಯುತ್ತಿತ್ತು. ವರ್ಷಕ್ಕೆ 7 ಸಾವಿರ ಮಿಲಿಮೀಟರ್ ಮೀರುವ ಆಗುಂಬೆ ಇರುವ ಜಿಲ್ಲೆಯವರು ನಾವು. ಇನ್ನೆರಡು ಪುಟ ತಿರುಗಿಸಿದರೆ ನಮ್ಮೂರಿನ ಹೆಸರಿನ ಜಾಗದಲ್ಲಿ ಬಯಲುಸೀಮೆಯ ಇನ್ಯಾವುದೋ ಊರಿನ ಹೆಸರು. ಹುಡುಕಿ ಬದಲಾಯಿಸುವಾಗ ಒಂದು ಜಾಗ ಬಿಟ್ಟುಹೋಗಿದೆ. ಇದೇನು ಅವರೊಬ್ಬರದೇ ಪಾಪ ಅಲ್ಲ, ಡಿಟಿಪಿ ಮಾಡುವವಳಾಗಿ ನನಗೂ ಈ ಕಷ್ಟ ಗೊತ್ತು. ಮದುವೆ ಕಾಗದದಲ್ಲಿ ಹಳೇ ಮದುಮಗನ ಹೆಸರು ಉಳಿದುಹೋದ ಕಥೆ ನನ್ನಲ್ಲೂ ಇದೆ. ಆದರೆ ಮದುವೆ ಕಾಗದಕ್ಕೆ ಕೋಟಿ ಲೆಕ್ಕದಲ್ಲಿ ದುಡ್ಡು ಬರಲ್ಲ.

ಆಮೇಲೆ ಕನ್ನಡದ ಸಾರಾಂಶ. ಕೌನ್ಸಿಲ್‌ನಲ್ಲಿ ಇಂಗ್ಲಿಷಿನ 212 ಪುಟ ಓದುವವರು ಯಾರು? ನಾಲ್ಕು ಪುಟ ಕನ್ನಡದಲ್ಲಿ ಕೊಡಿ ಅಂತ ನಾನೇ ಬರವಣಿಗೆಯಲ್ಲಿ ಕೇಳಿದೆ. ಎರಡು ದಿನದಲ್ಲಿ ಕಳಿಸಿದರು. ಅನುವಾದದ ಮೆಷಿನ್ನಿಗೆ ಹಾಕಿ ತೆಗೆದದ್ದು. ಟ್ರೀಟ್‌ಮೆಂಟ್ ಪ್ಲಾಂಟ್ ಅನ್ನೋದು ಉದ್ದಕ್ಕೂ "ಚಿಕಿತ್ಸಾ ಸಸ್ಯ" ಆಗಿತ್ತು. ಸಸ್ಯದ ಸಾಮರ್ಥ್ಯ ದಿನಕ್ಕೆ 30 ಲಕ್ಷ ಲೀಟರ್. ಸಸ್ಯಕ್ಕೆ ಬೇಕಾದ ವಿದ್ಯುತ್ತು ಇಷ್ಟು. ಸಸ್ಯದ ಸುತ್ತ ಬೇಲಿ. ಸಭೆಯಲ್ಲಿ ಅದನ್ನೇ ಓದಿದರು. ಹಿಂದಿನ ಸಾಲಿನ ಸದಸ್ಯರು, ಪಾಪ, ಗಂಭೀರವಾಗಿಯೇ ಕೇಳಿದರು, "ಇದು ಎಂತ ಗಿಡ? ನೀರು ಹೀರಿಕೊಳ್ಳೋ ಜಾತಿಯದಾ? ನಮ್ಮ ಬ್ಯಾಣದಲ್ಲಿ ಬೆಳೆಯಬಹುದಾ?" ನಗು ತಡೆಯೋಕೆ ಆಗದೆ ನಾನು ನೀರು ಕುಡಿಯುವ ನೆಪ ಮಾಡಿದೆ. ಆ ಸಾರಾಂಶವನ್ನು ಆಮೇಲೆ ನಾನೇ ಕೂತು ಬರೆದೆ. ಟೈಪಿಂಗ್ ಚಾರ್ಜು ಹಾಕಲಿಲ್ಲ. ಹಾಕಬೇಕಿತ್ತು.

30 ಲಕ್ಷ ಲೀಟರ್ ಎಲ್ಲಿಂದ ಬಂತು ಅನ್ನೋದು ನಿಜವಾದ ಪ್ರಶ್ನೆ. ಲೆಕ್ಕ ಹೀಗೆ. ಮೂವತ್ತು ವರ್ಷ ಬಿಟ್ಟು ಊರಿನ ಜನ 28 ಸಾವಿರ ಆಗುತ್ತಾರೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು. ಅದರಲ್ಲಿ ಶೇ. 80 ಚರಂಡಿಗೆ ಬರುತ್ತೆ. ಗುಣಿಸಿದರೆ 30 ಲಕ್ಷ ಚಿಲ್ಲರೆ. 135 ಮತ್ತು ಶೇ. 80 ಎರಡೂ ಕೇಂದ್ರದ ಕೈಪಿಡಿಯಲ್ಲಿ ಇರುವ ಲೆಕ್ಕವೇ, ಅದರಲ್ಲಿ ತಪ್ಪಿಲ್ಲ. ಆದರೆ ನಮ್ಮೂರು 28 ಸಾವಿರ ಆಗೋದು ಹೇಗೆ? ಪಿಯುಸಿ ಮುಗಿದ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಜೆರಾಕ್ಸ್ ಆಗೋದು ಅವರ ಮಾರ್ಕ್ಸ್ ಕಾರ್ಡು. ವಾಪಸ್ ಬರುವವರು ಅರವತ್ತು ದಾಟಿದವರು.

ಇನ್ನೊಂದು ಸಂಗತಿ, ಶೇ. 80 ಚರಂಡಿಗೆ ಬರಲ್ಲ. ಹಳೇ ಮನೆಗಳಲ್ಲಿ ಬಚ್ಚಲ ನೀರು ಹಿತ್ತಲ ಬಾಳೆಬುಡಕ್ಕೆ, ಕೆಸುವಿನ ಗಿಡಕ್ಕೆ ಹೋಗುತ್ತೆ. ಕಕ್ಕಸಿನದು ಗುಂಡಿಗೆ ಇಂಗುತ್ತೆ. ನಮ್ಮತ್ತೆ ಪಾತ್ರೆ ತೊಳೆದ ನೀರನ್ನು ಒಂದು ದಿನವೂ ಚರಂಡಿಗೆ ಬಿಟ್ಟವರಲ್ಲ. ಮರುಬಳಕೆ ಅನ್ನೋ ಪದ ಅವರು ಕೇಳಿಲ್ಲ. ಡಿಪಿಆರ್‌ನ ಮರುಬಳಕೆ ಅಧ್ಯಾಯದಲ್ಲಿ ಇದರ ಬಗ್ಗೆ ಒಂದು ಸಾಲು ಇರಲಿಲ್ಲ. ಅಲ್ಲಿ ಇದ್ದದ್ದು ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರಕ್ಕೆ ಕೊಡುವ ಕೆ.ಸಿ. ವ್ಯಾಲಿಯ ಫೋಟೋ.

ನೀರು ಅಳೆದಿದ್ದೀರಾ ಅಂತ ಕೇಳಿದೆ. ಅಳೆದಿದ್ದೇವೆ, 60 ಲಕ್ಷ ಲೀಟರ್ ಬಂದಿದೆ, ನಾವೇ ಕಡಿಮೆ ಮಾಡಿ 30 ಹಾಕಿದ್ದೇವೆ ಅಂದರು. ಯಾವಾಗ ಅಳೆದಿರಿ? ಜುಲೈ ಎರಡನೇ ವಾರ. ಅಂದರೆ ಮಳೆಯನ್ನು ಅಳೆದಿದ್ದಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇವರ ಫೀಸು ಯೋಜನೆಯ ಮೊತ್ತದ ಮೇಲೆ ಶೇಕಡಾವಾರು. ಯೋಜನೆ ದೊಡ್ಡದಾದಷ್ಟು ಫೀಸೂ ದೊಡ್ಡದು. ಇವರು ಬೇಕಂತಲೇ ಹಿಗ್ಗಿಸಿದರು ಅಂತ ಹೇಳುತ್ತಿಲ್ಲ. ಆದರೆ ತಕ್ಕಡಿ ಹಿಡಿದವನಿಗೆ ತೂಕದ ಮೇಲೆ ಕಮಿಷನ್ ಕೊಟ್ಟರೆ ಕೈ ಯಾವ ಕಡೆ ವಾಲುತ್ತೆ? ಬೇರೆ ಊರಿನ ಸದಸ್ಯರು ಯಾರಾದರೂ ಓದುತ್ತಿದ್ದರೆ, ಟೆಂಡರ್ ಕರೆಯುವಾಗಲೇ ಫೀಸನ್ನು ಇಡಿಗಂಟಾಗಿ ಗೊತ್ತು ಮಾಡಿಸಿ. ನಮಗೆ ಆಮೇಲೆ ಬುದ್ಧಿ ಬಂತು.

ಗಲಾಟೆ ಆಯಿತು. ಮುಖ್ಯಾಧಿಕಾರಿಗಳು ನನ್ನ ಪರ ನಿಂತರು, ಅದಕ್ಕೆ ಅವರಿಗೆ ಋಣಿ. ಫೆಬ್ರವರಿಯಲ್ಲಿ ಮತ್ತೆ ಅಳೆಯಬೇಕು, ಅಲ್ಲಿಯವರೆಗೆ ಎರಡನೇ ಕಂತು ಇಲ್ಲ ಅಂತ ತೀರ್ಮಾನ. ಏಳು ತಿಂಗಳು ತಡ ಆಯಿತು. ತಡ ಮಾಡಿಸಿದವಳು ಅಂತ ನನ್ನನ್ನು ಬೈದವರೂ ಇದ್ದಾರೆ.

ಫೆಬ್ರವರಿಯಲ್ಲಿ ಕಂಪನಿ ಒಬ್ಬ ಹುಡುಗನನ್ನು ಕಳಿಸಿತು. ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು. ಸಿವಿಲ್ ಡಿಪ್ಲೊಮಾ. ಮೂರೂವರೆ ಸ್ಟಾರಿನಲ್ಲಿ ಒಂದೂವರೆ ಇವನೊಬ್ಬನದು.

ಅವನು ತಂದಿದ್ದು ಒಂದು ಕಬ್ಬಿಣದ ತಗಡು. ನಡುವೆ ಇಂಗ್ಲಿಷಿನ ವಿ ಅಕ್ಷರದ ಹಾಗೆ, ಸರಿಯಾಗಿ 90 ಡಿಗ್ರಿಗೆ ಕತ್ತರಿಸಿದ್ದು. ವಿ ನಾಚ್ ಅಂತಾರೆ. ಹಳ್ಳಕ್ಕೆ ಇಳಿದ, ಹೌದು, ಆ ಹಳ್ಳಕ್ಕೇ, ಮೊಣಕಾಲುದ್ದದ ಗಮ್ ಬೂಟು ಹಾಕಿಕೊಂಡು. ತಗಡನ್ನು ಅಡ್ಡಕ್ಕೆ ನಿಲ್ಲಿಸಿ, ಎರಡೂ ಬದಿಗೆ ಜೇಡಿಮಣ್ಣು, ಮರಳಿನ ಚೀಲ ಒತ್ತಿ, ನೀರೆಲ್ಲ ಆ ಸೀಳಿನಲ್ಲೇ ಹೋಗುವ ಹಾಗೆ ಮಾಡಿದ. ಮೇಲ್ಗಡೆ ಸ್ವಲ್ಪ ದೂರದಲ್ಲಿ ಒಂದು ಸ್ಕೇಲು ನೆಟ್ಟ. ಸೀಳಿನ ತುದಿಯಿಂದ ನೀರು ಎಷ್ಟು ಎತ್ತರ ನಿಂತಿದೆ ಅಂತ ನೋಡಿದರೆ ಸೆಕೆಂಡಿಗೆ ಎಷ್ಟು ಲೀಟರ್ ಅನ್ನೋದು ಗೊತ್ತಾಗುತ್ತೆ. 10 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ನಾಲ್ಕು ಲೀಟರ್ ಚಿಲ್ಲರೆ. 15 ಆದರೆ 12 ಲೀಟರ್. ಐದು ಸೆಂಟಿಮೀಟರ್ ಏರಿದರೆ ನೀರು ಮೂರು ಪಾಲಿನ ಹತ್ತಿರ. "ಅದಕ್ಕೇ ಮೇಡಂ, ಸ್ಕೇಲ್ ನೋಡುವಾಗ ಕಣ್ಣು ತಪ್ಪಿದರೆ ಊರೇ ತಪ್ಪಿಹೋಗುತ್ತೆ" ಅಂದ.

ಗಂಟೆಗೊಮ್ಮೆ, 24 ಗಂಟೆ. ರಾತ್ರಿ ನಮ್ಮ ಅಂಗಡಿಯ ಜಗಲಿಯಲ್ಲೇ ಕೂತಿದ್ದ, ಹಳ್ಳ ಅಲ್ಲಿಂದ ನೂರು ಹೆಜ್ಜೆ. ಮಲೆನಾಡಿನ ಫೆಬ್ರವರಿ, ಬೆಳಗಿನ ಜಾವದ ಚಳಿ. ನಮ್ಮತ್ತೆ ಎರಡು ಸಲ ಕಷಾಯ ಮಾಡಿ ಕಳಿಸಿದರು, "ಆ ಹುಡುಗ ಚರಂಡಿ ಕಾಯ್ತಾ ಇದೆಯಲ್ಲ, ಅದಕ್ಕೆ ಕೊಡು" ಅಂತ. ರಾತ್ರಿ ಎರಡರಿಂದ ನಾಲ್ಕರವರೆಗೆ ಎಂಟು ಸೆಂಟಿಮೀಟರ್, ಅಲುಗಲೇ ಇಲ್ಲ. ಐದಕ್ಕೆ ಸ್ವಲ್ಪ ಏರಿತು. ಆರೂವರೆಗೆ ಸ್ಕೇಲು ಕಣ್ಣೆದುರೇ ಏರತೊಡಗಿತು. ಏಳೂವರೆಗೆ 19. ನೀರಿನ ಬಣ್ಣವೇ ಬೇರೆ, ಸೋಪಿನ ನೊರೆ, ದೋಸೆ ಹಿಟ್ಟಿನ ಬಿಳಿ, ಯಾರದೋ ಮನೆಯ ಕುಂಕುಮ ತೊಳೆದ ಕೆಂಪು. ಊರು ಎದ್ದು ಮುಖ ತೊಳೆಯೋದನ್ನು ಆ ಸೀಳಿನಲ್ಲಿ ನೋಡಿದ ಹಾಗಾಯಿತು. ಬಾಟಲಿಯಲ್ಲಿ ಸ್ಯಾಂಪಲ್ ತುಂಬಿಕೊಂಡು ಐಸ್ ಪೆಟ್ಟಿಗೆಗೆ ಹಾಕಿದ. ಒಂಬತ್ತೂವರೆಗೆ ಇಳಿಯಿತು.

ಮೂರು ಚರಂಡಿಯದ್ದೂ ಸೇರಿ ದಿನಕ್ಕೆ 9 ಲಕ್ಷ ಲೀಟರ್. 60 ಅಲ್ಲ, 30 ಅಲ್ಲ, 9.

ಕೊನೆಗೆ ಡಿಪಿಆರ್ ಇಳಿದಿದ್ದು 15 ಲಕ್ಷ ಲೀಟರಿನ ಘಟಕಕ್ಕೆ. ಪಕ್ಕದಲ್ಲಿ ಮುಂದೆ ಇನ್ನೊಂದು ಕಟ್ಟೋಕೆ ಜಾಗ ಬಿಟ್ಟಿದ್ದಾರೆ. ಅರ್ಧ ಸೈಜು ಅಂದರೆ ನಾವು ಹಾಕಬೇಕಾದ ಪಾಲೂ ಇಳಿಯಿತು. ಆ ಪಾಲಿಗೆ 15ನೇ ಹಣಕಾಸು ಆಯೋಗದ ಅನುದಾನ ನೋಡಿ ಅಂತ ದಾರಿ ತೋರಿಸಿದ್ದೂ ಇವರೇ. ನಮ್ಮಂಥ ಊರಿಗೆ 2021-26ರ ಅವಧಿಗೆ ಅಂತ ಬಂದ ಆ ದುಡ್ಡಿನಲ್ಲಿ ಶೇ. 60 ಇಂಥದ್ದಕ್ಕೇ ಖರ್ಚು ಮಾಡಬೇಕು ಅಂತ ಕಟ್ಟಿಹಾಕಿದ್ದು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆ ನೀರು ಕೊಯ್ಲು, ನೀರಿನ ಮರುಬಳಕೆಗೆ. ಇನ್ನರ್ಧ ನೈರ್ಮಲ್ಯ, ಕಸಕ್ಕೆ. ಸದಸ್ಯರಲ್ಲಿ ಹೆಚ್ಚಿನವರಿಗೆ ಇದು ರಸ್ತೆ, ಮೋರಿಗೆ ಬರುವ ದುಡ್ಡು ಅಂತಲೇ ತಲೆಯಲ್ಲಿತ್ತು. ನನಗೂ.

ಜಾಗದ ವಿಷಯದಲ್ಲಿ ಮಾತ್ರ ಪೂರ್ತಿ ಫೇಲು. ಆಫೀಸಿನಲ್ಲೇ ಕೂತು ಉಪಗ್ರಹದ ನಕ್ಷೆ ನೋಡಿ, ಹೊಳೆ ಹತ್ತಿರ ಖಾಲಿ ಕಂಡ ಎರಡು ಎಕರೆಗೆ ಕೆಂಪು ಗೆರೆ ಎಳೆದಿದ್ದರು. ಪಹಣಿ ತೆಗೆಸಿದರೆ ಸೊಪ್ಪಿನಬೆಟ್ಟ. ಮೇಲಿಂದ ಡೀಮ್ಡ್ ಫಾರೆಸ್ಟ್ (ಕಾಡೆಂದೇ ಪರಿಗಣಿಸುವ ಜಾಗ) ಪಟ್ಟಿಯಲ್ಲೂ ಇದೆ. ಮಲೆನಾಡಿನಲ್ಲಿ ಖಾಲಿ ಕಾಣುವ ಜಾಗ ಖಾಲಿ ಇರಲ್ಲ ಅಂತ ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಅದು ಯಾರದೋ ಅಡಿಕೆ ತೋಟಕ್ಕೆ ಸೊಪ್ಪು ತರುವ ಬೆಟ್ಟ ಆಗಿರುತ್ತೆ, ಇಲ್ಲ ಅರಣ್ಯ ಇಲಾಖೆಯದ್ದಾಗಿರುತ್ತೆ, ಇಲ್ಲ ಎರಡೂ ಆಗಿ ಕೇಸ್ ನಡೆಯುತ್ತಿರುತ್ತೆ. ಅರಣ್ಯದ ಅನುಮತಿ ಕೇಳುತ್ತ ಕೂತರೆ ಯೋಜನೆಯ ಅವಧಿಯೇ ಮುಗಿಯುತ್ತೆ. ಕೊನೆಗೆ ನಮ್ಮ ಜೆಇ (ಕಿರಿಯ ಎಂಜಿನಿಯರ್) ಮತ್ತು ಗ್ರಾಮ ಆಡಳಿತಾಧಿಕಾರಿ ಸೇರಿ, ಹಳೇ ಕಸದ ಯಾರ್ಡಿನ ಪಕ್ಕ ಪಂಚಾಯಿತಿ ಹೆಸರಿನಲ್ಲೇ ಇದ್ದ ಒಂದು ಎಕರೆ ಚಿಲ್ಲರೆ ಹುಡುಕಿದರು. ಅಲ್ಲಿಗೆ ನೀರು ತಾನಾಗಿ ಇಳಿಯಲ್ಲ, ಪಂಪ್ ಬೇಕು. ಖರ್ಚು ಜಾಸ್ತಿ. ಆದರೆ ಪಹಣಿ ಕ್ಲೀನು.

ತಂತ್ರಜ್ಞಾನ ಎಸ್‌ಬಿಆರ್ ಅಂತ ಆಯ್ಕೆ ಮಾಡಿದ್ದಾರೆ. ಒಂದೇ ತೊಟ್ಟಿಯಲ್ಲಿ ಸರದಿ ಪ್ರಕಾರ ತುಂಬಿಸೋದು, ಗಾಳಿ ಊದೋದು, ತಿಳಿಯಾಗಲು ಬಿಡೋದು, ಮೇಲಿನ ನೀರು ತೆಗೆಯೋದು. ಜಾಗ ಕಡಿಮೆ ಸಾಕು, ನೀರು ಚೆನ್ನಾಗಿ ಬರುತ್ತೆ. ಆದರೆ ಗಾಳಿ ಊದುವ ಯಂತ್ರಕ್ಕೆ ಕರೆಂಟು ಬೇಕು. ಡಿಪಿಆರ್‌ನ ಖರ್ಚಿನ ಪಟ್ಟಿಯಲ್ಲಿ ದಿನದ 24 ಗಂಟೆಯೂ ಕರೆಂಟು ಇತ್ತು! ಜುಲೈಯಲ್ಲಿ ಒಂದು ಧೂಪದ ಮರ ಲೈನ್ ಮೇಲೆ ಬಿದ್ದರೆ ನಾಲ್ಕು ದಿನ ಕತ್ತಲೆ, ನನ್ನ ಜೆರಾಕ್ಸ್ ಮೆಷಿನ್ನೇ ಸಾಕ್ಷಿ. ಜನರೇಟರ್, ಡೀಸೆಲ್ ಸೇರಿಸಿ ಅಂತ ಬರೆಸಿದೆವು. ಘಟಕ ಕಟ್ಟೋಕೆ ದೆಹಲಿ ದುಡ್ಡು ಕೊಡುತ್ತೆ, ನಡೆಸೋಕೆ ನಾವೇ. ಈ ಪುಟವನ್ನು ಸಭೆಯಲ್ಲಿ ಎರಡು ಸಲ ಓದಿಸಿದೆ.

ಇನ್ನು ಮರುಬಳಕೆ. ರಾಜ್ಯ ಸರ್ಕಾರ 2017ರಲ್ಲೇ ನಗರದ ತ್ಯಾಜ್ಯ ನೀರಿನ ಮರುಬಳಕೆಗೆ ಅಂತ ನೀತಿ ತಂದಿದೆ. ಅಮೃತ್ 2.0ರಲ್ಲಿ ನಗರದ ನೀರಿನ ಬೇಡಿಕೆಯ ಶೇ. 20ನ್ನು ಶುದ್ಧೀಕರಿಸಿದ ನೀರಿನಿಂದಲೇ ತೂಗಿಸಬೇಕು ಅನ್ನೋ ಗುರಿ ಇದೆ. ನಾವು ಅಮೃತ್‌ನಲ್ಲಿ ಇಲ್ಲದಿದ್ದರೂ ಇವರು ಅದೇ ಶೇ. 20 ಹಿಡಿದುಕೊಂಡರು, ರಾಜ್ಯದ ಕಮಿಟಿ ಮುಂದೆ ತೂಕ ಬರುತ್ತೆ ಅಂತ. ಅದು ಒಳ್ಳೆಯ ಯೋಚನೆಯೇ. ಆದರೆ ಆ ನೀರು ತಗೊಳ್ಳುವವರು ಯಾರು ಅನ್ನೋ ಕಾಲಂನಲ್ಲಿ "ಸಮೀಪದ ಕೈಗಾರಿಕಾ ವಲಯ" ಅಂತಿತ್ತು. ನಮ್ಮಲ್ಲಿರುವ ಕೈಗಾರಿಕೆ ಎರಡು ಅಕ್ಕಿ ಮಿಲ್ಲು. ಕುಸುಬಲಕ್ಕಿ ಬೇಯಿಸೋಕೆ ಚರಂಡಿ ನೀರು ಕೊಡೋದಾ?

ಸ್ಲೈಡ್‌ಗಳಲ್ಲಿ ನಾಗಪುರ ತೋರಿಸಿದರು. ಅಲ್ಲಿ ದಿನಕ್ಕೆ 13 ಕೋಟಿ ಲೀಟರ್ ಕೊಳಚೆ ನೀರನ್ನು ಶುದ್ಧ ಮಾಡಿ ಕೋರಾಡಿಯ ವಿದ್ಯುತ್ ಸ್ಥಾವರಕ್ಕೆ ಕೊಡುವ ಯೋಜನೆ. ಕೆ.ಸಿ. ವ್ಯಾಲಿ ತೋರಿಸಿದರು, ಬೆಂಗಳೂರಿನ ನೀರು 2018ರಿಂದ ಕೋಲಾರದ ಕೆರೆಗಳಿಗೆ. ಎಲ್ಲ ಸರಿ. ಆದರೆ ಅವೆಲ್ಲ ನೀರಿಲ್ಲದೆ ಬಾಯಾರಿದವರ ಕಥೆ. ನಮ್ಮದು ಎಂಟು ತಿಂಗಳು ನೀರು ಬೇಡವಾದ, ನಾಲ್ಕು ತಿಂಗಳು ಬೇಕಾದವರ ಕಥೆ. ಅವರ ಸ್ಲೈಡ್‌ನಲ್ಲಿ ನಮಗೆ ಹತ್ತಿರ ಇದ್ದದ್ದು ಒಂದೇ, ದೇವನಹಳ್ಳಿಯ ಪಿಟ್ ಗಾಡಿಯ ಮಲ ಸಂಸ್ಕರಣಾ ಘಟಕ, 2015ರದ್ದು. ಸಣ್ಣ ಊರು, ಯುಜಿಡಿ ಇಲ್ಲ, ಗುಂಡಿಗಳಿಂದ ಬಂದಿದ್ದನ್ನು ಒಣಗಿಸಿ ಗೊಬ್ಬರ ಮಾಡುತ್ತಾರೆ. ಅದನ್ನು ಹತ್ತು ಸೆಕೆಂಡಿನಲ್ಲಿ ದಾಟಿಸಿದರು. ನಾನು ಹಿಂದಕ್ಕೆ ಹಾಕಿಸಿದೆ.

ನೀರು ತಗೊಳ್ಳುವವರನ್ನು ಹುಡುಕೋಕೆ ನಾನೇ ಹೊರಟೆ, ಸ್ಕೂಟಿಯಲ್ಲಿ. ಲೆಕ್ಕ ಬುಡದಿಂದ ಮಾಡಿದೆ. 18 ಸಾವಿರ ಜನಕ್ಕೆ ತಲಾ 135 ಲೀಟರ್ ಅಂದರೆ ದಿನಕ್ಕೆ 24 ಲಕ್ಷ ಚಿಲ್ಲರೆ. ಅದರ ಶೇ. 20 ಅಂದರೆ ಸುಮಾರು ಐದು ಲಕ್ಷ ಲೀಟರ್. ಬೇಸಿಗೆಯಲ್ಲಿ ಡ್ರಿಪ್ ಹಾಕಿದರೆ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್. ಒಂದೂವರೆ ಆಳಿನ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ 550 ಮರ ಅಂದುಕೊಂಡರೆ ಹತ್ತು ಸಾವಿರ ಲೀಟರ್. ಅಲ್ಲಿಗೆ 50 ಎಕರೆ ತೋಟ ಬೇಕು. ಕಸದ ಯಾರ್ಡಿನ ಕೆಳಗೇ ತೋಟಗಳ ಸಾಲು ಇದೆ.

ಮೊದಲ ತೋಟದ ಭಾವ (ದೂರದ ಸಂಬಂಧ, ಆದರೂ ಭಾವ) ಕೇಳಿ ಎಲೆಯಡಿಕೆ ಉಗಿದು ಬಂದರು. "ಊರಿನ ಕಕ್ಕಸಿನ ನೀರು ನನ್ನ ತೋಟಕ್ಕಾ? ಅಡಿಕೆ ಯಾರು ತಗಂತಾರೆ ಮಾರಾಯ್ತಿ?" ಸಿಪ್ಪೆ ಸುಲಿದು ಬೇಯಿಸುವ ಅಡಿಕೆ ಭಾವ, ನೀರು ಬುಡಕ್ಕೆ ಬಿಡೋದು, ಗೊನೆಗಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಾರ್ಚಿಂದ ಮೇವರೆಗೆ ಕೊಟ್ರೆ ನೋಡುವ. ಮಳೆಗಾಲದಲ್ಲಿ ತಂದ್ರೆ ನೀನೇ ಕುಡಿ." ಅದನ್ನೇ ಬರೆದು ಸಹಿ ಹಾಕಿಸಿಕೊಂಡೆ. ಕೊನೆಯ ವಾಕ್ಯ ಬಿಟ್ಟು. ಹೀಗೆ 17 ಜನ, 31 ಎಕರೆ. ಗಿಡ ಬೆಳೆಸುವ ಒಂದು ನರ್ಸರಿ. ರಸ್ತೆಗೆ ನೀರು ಹೊಡೆಯುವ ನಮ್ಮದೇ ಟ್ಯಾಂಕರ್. 50 ತಲುಪಲಿಲ್ಲ, ತಲುಪಿದೆ ಅಂತ ಸುಳ್ಳು ಬರೆಯೋದು ಬೇಡ ಅಂದೆ. ಕಂಪನಿಯವರು ಮುಖ ಸಿಂಡರಿಸಿದರು, ಆದರೆ ಬರೆದಿದ್ದು ಇದ್ದದ್ದನ್ನೇ.

ಮಳೆಗಾಲದಲ್ಲಿ ನೀರು ಎಲ್ಲಿಗೆ? ಹೊಳೆಗೇ. ಅದಕ್ಕೇ ಎಷ್ಟು ಶುದ್ಧ ಮಾಡಬೇಕು ಅನ್ನೋದರಲ್ಲಿ ನಾನು ರಾಜಿ ಆಗಲಿಲ್ಲ. 2017ರ ಕೇಂದ್ರದ ನಿಯಮದಲ್ಲಿ ನಮ್ಮಂಥ ಊರಿಗೆ ಬಿಒಡಿ (ನೀರಿನಲ್ಲಿ ಉಳಿದ ಕೊಳೆಯ ಅಳತೆ) ಲೀಟರಿಗೆ 30 ಮಿಲಿಗ್ರಾಂವರೆಗೆ ಬಿಡಬಹುದಿತ್ತು. 2019ರಲ್ಲಿ ಹಸಿರು ನ್ಯಾಯಮಂಡಳಿ 10 ಅಂತ ಬಿಗಿ ಮಾಡಿತು. ಡ್ರಾಫ್ಟಿನಲ್ಲಿ 30 ಇತ್ತು, ಕೊನೆಯದರಲ್ಲಿ 10. ಹೊಳೆಯ ಕೆಳಗಿನ ಊರಿನ ಕುಡಿಯುವ ನೀರಿನ ಜಾಕ್‌ವೆಲ್ಲು ನಮ್ಮ ಹಳ್ಳದ ನೀರನ್ನೇ ಎತ್ತೋದು.

ರಾಜ್ಯದ ಕಮಿಟಿ ಮುಂದೆ ಫೈಲ್ ಹೋದಾಗ ನಾನು ಹೋಗಿರಲಿಲ್ಲ. ಜೆಇ ಬಂದು ಹೇಳಿದರು. ಎಸ್‌ಬಿಆರ್ ಬಗ್ಗೆ ಒಂದು ಪ್ರಶ್ನೆ, ಪಂಪಿಂಗ್ ಬಗ್ಗೆ ಎರಡು. ಆಮೇಲೆ ಅಲ್ಲಿನ ಹಿರಿಯರೊಬ್ಬರು ಹಿಂದಿನ ಅನುಬಂಧಕ್ಕೆ ಹೋಗಿ, ಆ 17 ಕಾಗದಗಳನ್ನು ಒಂದೊಂದಾಗಿ ತಿರುಗಿಸಿದರಂತೆ. ಕೆಲವು ಸಾಲುಗೆರೆಯ ನೋಟ್‌ಬುಕ್ ಹಾಳೆ, ಒಂದರ ಮೇಲೆ ಎಲೆಯಡಿಕೆ ಕಲೆ. "ಇದನ್ನು ಯಾರು ತಂದಿದ್ದು?" ಅಂತ ಕೇಳಿದರಂತೆ. ಒಪ್ಪಿಗೆ ಬಂತು, ಪಂಪ್ ಹೌಸಿನ ಅಂದಾಜು ತಿದ್ದಿಕೊಡಬೇಕು ಅನ್ನೋ ಷರತ್ತಿನ ಮೇಲೆ. ಅದನ್ನು ಕಂಪನಿಯವರು ನಾಲ್ಕೇ ದಿನದಲ್ಲಿ ತಿದ್ದಿಕೊಟ್ಟರು. ಈಗ ಕಾಮಗಾರಿಯ ಟೆಂಡರ್ ಹಂತದಲ್ಲಿದೆ.

ಹಾಗಾಗಿ ಮೂರೂವರೆ. ಯೋಜನೆಗಳ ಒಳಹೊರಗು ಗೊತ್ತಿದ್ದಕ್ಕೆ ಒಂದು. ಅಂದಾಜು ಪಟ್ಟಿ, ಡ್ರಾಯಿಂಗು ಅಚ್ಚುಕಟ್ಟಾಗಿದ್ದದ್ದಕ್ಕೆ, ಫೋನ್ ಎತ್ತುವುದಕ್ಕೆ ಒಂದು (ಮೂರನೇ ಸಲಕ್ಕಾದರೂ ಎತ್ತುತ್ತಾರೆ). ಉಳಿದದ್ದು ಆ ಹುಡುಗನದು ಅಂತ ಆಗಲೇ ಹೇಳಿದೆ. ಅವರನ್ನು ಕರೆಯಬಹುದಾ ಅಂತ ಕೇಳಿದರೆ, ಕರೆಯಿರಿ. 47ನೇ ಪುಟ ಓದಿ.

ತಗಡು ನಮ್ಮ ಅಂಗಡಿಯಲ್ಲೇ ಉಳಿದುಹೋಗಿತ್ತು. ಲ್ಯಾಮಿನೇಷನ್ ಮೆಷಿನ್ ಹಿಂದೆ ಗೋಡೆಗೆ ಒರಗಿಸಿ ಇಟ್ಟಿದ್ದೆ. ಬಂದವರೆಲ್ಲ ಅದೇನು ಅಂತ ಕೇಳೋರು. ಮೊನ್ನೆ, ಮಳೆ ಹಿಡಿದ ಮೇಲೆ, ಆ ಹುಡುಗ ಫೋನ್ ಮಾಡಿದ. "ಮೇಡಂ, ಆ ವಿ ನಾಚ್ ಇದೆಯಾ? ಇನ್ನೊಂದು ಊರಿನ ಕೆಲಸಕ್ಕೆ ಬೇಕಿತ್ತು. ಬಸ್ಸಿಗೆ ಹಾಕ್ತೀರಾ?"

"ಹಾಕ್ತೀನಿ. ಅಳೆಯೋದು ಯಾವಾಗ?"

ಆ ಕಡೆ ಒಂದು ನಿಮಿಷ ಮಾತಿಲ್ಲ. "ಸರ್ ಈ ವಾರ ಅಂತಿದ್ದಾರೆ ಮೇಡಂ."

ತಗಡು ಇನ್ನೂ ಲ್ಯಾಮಿನೇಷನ್ ಮೆಷಿನ್ ಹಿಂದೆಯೇ ಇದೆ. ಬಸ್ಸು ಸಿಗಲಿಲ್ಲ ಅಂತ ಹೇಳಿದ್ದೇನೆ.